ಸೋಗೆಸೊಪ್ಪು, ಹೊಗೆಸೊಪ್ಪು

ನನ್ನನ್ನು ಆ ಕೆಲಸಕ್ಕೆ ತೆಗೆದುಕೊಂಡದ್ದೇ ನನ್ನ ಕನ್ನಡಕ್ಕಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ನನ್ನ ಮರ್ಯಾದೆ ಹೋದ ಕಥೆ.

ಚಿಕ್ಕಬಾಣಾವರದ ಹತ್ತಿರ ಒಂದು ಫಾರ್ಮಸಿ ಕಾಲೇಜಿನಲ್ಲಿ ಬೀಡಿ ಸಿಗರೇಟು ಸೇದುವವರ ಕೆಮ್ಮಿನ ಮೇಲೆ ಸಂಶೋಧನೆ ನಡೆಯುತ್ತಿತ್ತು. ಸುತ್ತಮುತ್ತ ಸೇದುವವರನ್ನು ಹುಡುಕುವುದು, ಅವರ ಉಸಿರಿನ ಪರೀಕ್ಷೆ ಮಾಡುವುದು, ಸೇದುವುದನ್ನು ಕಡಿಮೆ ಮಾಡಿ ಎಂದು ಬುದ್ಧಿ ಹೇಳುವುದು, ಜೊತೆಗೆ ಆಡುಸೋಗೆ, ಜ್ಯೇಷ್ಠಮಧು, ಹಿಪ್ಪಲಿ ಸೇರಿಸಿ ಕಾಲೇಜಿನಲ್ಲೇ ತಯಾರಿಸಿದ ಚೀಪುವ ಮಾತ್ರೆ ಕೊಟ್ಟು ಕೆಮ್ಮು ತಗ್ಗುತ್ತದೋ ಇಲ್ಲವೋ ನೋಡುವುದು. ಇದರ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮೇಡಂ ಕೇರಳದವರು. ಅವರ ಕೈಕೆಳಗಿದ್ದ ವಿದ್ಯಾರ್ಥಿಗಳು ಬೆಂಗಳೂರಿನವರೇ ಆದರೂ "ಕನ್ನಡ ಮಾತಾಡ್ತೀವಿ, ಓದೋದು ಸ್ವಲ್ಪ ಕಷ್ಟ" ಎನ್ನುವ ಪೈಕಿ. ಬ್ಯಾಟರಾಯನಪುರದ ಒಂದು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದ ನಾನು ಆ ಕೆಲಸ ಬಿಟ್ಟು ಮನೆಯಲ್ಲಿದ್ದ ಸಮಯ ಅದು. ಫಾರಂಗಳ ಕನ್ನಡ ನೋಡಿಕೊಳ್ಳಲು, ಜನರಿಗೆ ಫೋನ್ ಮಾಡಿ ವಿಚಾರಿಸಲು ಒಬ್ಬರು ಬೇಕಿತ್ತು, ಹೋಗಿ ಸೇರಿಕೊಂಡೆ.

ಮೊದಲ ದಿನ ನನ್ನ ಮುಂದೆ ಇಟ್ಟ ಫಾರಂ ನೋಡಿ ಬಿದ್ದು ಬಿದ್ದು ನಕ್ಕಿದ್ದೆ. ಅದನ್ನು ಕಂಪ್ಯೂಟರಿನ ಕೈಯಲ್ಲಿ ಕನ್ನಡಕ್ಕೆ ತಿರುಗಿಸಿದ್ದರು. ಐದನೇ ಪ್ರಶ್ನೆ: "ನೀವು ಹೊಗೆ ಬಿಟ್ಟಿದ್ದೀರಾ?" ಅದಕ್ಕೆ ಒಬ್ಬ ಲಾರಿ ಮೆಕ್ಯಾನಿಕ್ಕು "ದಿನಾ ಬಿಡ್ತೀನಿ, ಮೂಗಲ್ಲೂ ಬಿಡ್ತೀನಿ" ಎಂದು ಉತ್ತರ ಕೊಟ್ಟಿದ್ದ. ಹುಡುಗರು ಹೌದು ಎಂಬ ಕಡೆ ಟಿಕ್ ಹಾಕಿ, ಅವನನ್ನು ಧೂಮಪಾನ ತ್ಯಜಿಸಿದವರ ಗುಂಪಿಗೆ ಸೇರಿಸಿಬಿಟ್ಟಿದ್ದರು. ಇಂಥ ಎಂಟು ಹತ್ತು ಮಂದಿ ಸಿಕ್ಕಿದರು. ನಾನು ಕೂತು ಇಡೀ ಫಾರಂ ತಿದ್ದಿದೆ. ಮೇಡಂ ಹೊಗಳಿದರು. ಒಂದು ಅಕ್ಷರ ಆಚೀಚೆ ಆದರೆ ಸಂಶೋಧನೆಯೇ ತಲೆಕೆಳಗು ಆಗುತ್ತದೆ ನೋಡಿ ಎಂದು ಹುಡುಗರಿಗೆ ಅರ್ಧ ಗಂಟೆ ಪಾಠ ಮಾಡಿದೆ. ಆಗ ನನ್ನ ಮುಖ ಹೇಗಿತ್ತೋ, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಶೆಟ್ಟಿಹಳ್ಳಿಯ ತಾತ ನಮ್ಮ ಪಟ್ಟಿಗೆ ಸೇರಿದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಗಾರೆ ಕೆಲಸ ಮಾಡಿ ನಿಲ್ಲಿಸಿದವರು. ಆ ಕಡೆಯ ಅರ್ಧ ಮನೆಗಳ ಗೋಡೆ ನಂದೇ ಎನ್ನುತ್ತಿದ್ದರು. ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದವರು ಅವರು. ಮಾತ್ರೆ ಶುರುವಾದ ಮೇಲೆ ದಿನಾ ಹನ್ನೊಂದು ಗಂಟೆಗೆ ನಾನು ಫೋನ್ ಮಾಡಿ ಕೇಳಬೇಕು: "ತಾತ, ನಿನ್ನೆ ಎಷ್ಟು?" ಹದಿನೆಂಟು, ಹದಿನೈದು, ಹನ್ನೆರಡು. ಎಂಟಕ್ಕೆ ಇಳಿದ ದಿನ ಅವರೇ ಹತ್ತೂವರೆಗೆ ಫೋನ್ ಮಾಡಿ ಹೇಳಿದ್ದರು. ಕೆಮ್ಮು ಪೂರ್ತಿ ಹೋಗಿರಲಿಲ್ಲ. ಅಷ್ಟು ವರ್ಷ ಸಿಮೆಂಟಿನ ಧೂಳು, ಬೀಡಿಯ ಹೊಗೆ ಎರಡೂ ಕುಡಿದ ಎದೆ ಅದು. ಆದರೂ ಒಂದೇ ಉಸಿರಿಗೆ ಮಹಡಿ ಹತ್ತುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದರು.

ಅವರ ಮನೆಗೆ ಒಮ್ಮೆ ನಾನು ಹೋಗಿದ್ದೆ. ಎಲ್ಲರ ಮನೆಗೂ ಒಂದು ಸಲ ಹೋಗಿ ನೋಡಬೇಕೆಂಬ ನಿಯಮವಿತ್ತು. ಕೆಳಗೆ ತಾತ ಮತ್ತು ಅಜ್ಜಿ, ಮೇಲೆ ಹಾವೇರಿ ಕಡೆಯ ಬಾಡಿಗೆಯವರು. ಪಕ್ಕದ ಖಾಲಿ ಸೈಟಿನಲ್ಲಿ ಅಜ್ಜಿ ಒಂದಿಷ್ಟು ಕನಕಾಂಬರದ ಗಿಡ ಬೆಳೆಸಿದ್ದರು. ನನಗೆ ಮುಡಿಯಲು ಒಂದು ತುಂಡು ಹೂ ಕೊಟ್ಟು, ಎಲೆ ತಿರುಗಿಸಿ ತೋರಿಸಿ ಗೋಳು ಹೇಳಿಕೊಂಡರು.

"ಗಿಡಕ್ಕೆ ಏನು ಬಿದ್ದದೆ ಕಣವ್ವ."

"ಏನು ಬಿದ್ದಿದೆ ಅಜ್ಜಿ?"

"ಅದೇ, ಏನು."

"ಅದೇ, ಏನು ಅಂತ ಕೇಳ್ತಿದ್ದೀನಿ."

"ಅಯ್ಯೋ, ತಲೇಲಿ ಬೀಳಲ್ವೇನೆ, ಏನು! ಕಾಲೇಜು ಓದಿವ್ನಿ ಅಂತೀಯ!"

ಹೇನು! ಅಜ್ಜಿಯ ನಾಲಿಗೆಗೆ ಹಕಾರ ಒಗ್ಗುವುದಿಲ್ಲ. ನಗು ತಡೆದುಕೊಂಡು, ಕಾಲೇಜಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಔಷಧಿ ಕೇಳಿ ಹೇಳುತ್ತೇನೆ ಎಂದು ಬಾಯಿಮಾತಿಗೆ ಹೇಳಿ ಬಂದೆ, ಮರೆತೂಬಿಟ್ಟೆ. ಅಜ್ಜಿಗೆ ಕಾಲೇಜು ಎಂದರೆ ಒಂದೇ, ಕೃಷಿ ಕಾಲೇಜು. ಹಿಂದೆ ಅಲ್ಲಿಂದ ಜನ ಬಂದು ಅವರ ಹೊಲದ ಅವರೆ ಗಿಡ ನೋಡಿ ಹೋಗಿದ್ದರಂತೆ. ನಾವು ಬೇರೆ ಎಂದು ಎಷ್ಟು ಹೇಳಿದರೂ ಅವರಿಗೆ ಅದು ಪಥ್ಯವಾಗಲಿಲ್ಲ.

ಹಿಂಗಾರು ಮಳೆ ಹಿಡಿದ ಮೇಲೆ ನಮ್ಮ ಮಾತ್ರೆಗೆ ಬೂಷ್ಟು ಬಂತು. ಡಬ್ಬಿ ತೆರೆದು ನೋಡಿದರೆ ಒಂದೊಂದರ ಮೇಲೂ ಬಿಳಿ ಪೊರೆ. ಮೇಡಂ ಅಷ್ಟನ್ನೂ ಎಸೆಸಿ, ಹೊಸದು ತಯಾರಾಗುವವರೆಗೆ ಯಾರಿಗೂ ಏನೂ ಕೊಡಕೂಡದು, ಮನೆಮದ್ದನ್ನೂ ಹೇಳಕೂಡದು, ಹೇಳಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ಕಟ್ಟುನಿಟ್ಟಾಗಿ ತಿಳಿಸಿದರು. ಅದೇ ದಿನ ಮಧ್ಯಾಹ್ನ ತಾತ ಮಾತ್ರೆಗೆಂದು ಬಂದರು. ಇಲ್ಲ ಎಂದೆ. ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ತಿರುಗಿ ಹೊರಟವರು ಬಾಗಿಲ ಬಳಿ ನಿಂತು ಕೆಮ್ಮಿದರು. ಕೆಮ್ಮು ನಿಲ್ಲಲೇ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿಬಿಟ್ಟರು.

ನನಗೆ ತಡೆಯಲಾಗಲಿಲ್ಲ. ಆಡುಸೋಗೆ ಕಷಾಯ ನಮ್ಮ ಮನೆಯಲ್ಲೂ ಮಾಡುತ್ತಿದ್ದದ್ದೇ, ಅದರಲ್ಲೇನು ಮಹಾ ಎಂದುಕೊಂಡು ಒಂದು ಚೀಟಿ ಹರಿದು ಗೀಚಿದೆ. ಮೇಡಂ ಯಾವ ಕ್ಷಣ ಬರುತ್ತಾರೋ ಎಂಬ ಭಯ ಬೇರೆ. ಅಜ್ಜಿ ಆಡುಸೋಗೆಯನ್ನು ಸೋಗೆಸೊಪ್ಪು ಎನ್ನುವುದನ್ನು ಕೇಳಿದ್ದೆ, ಅವರಿಗೆ ತಿಳಿಯಲಿ ಎಂದು ಹಾಗೇ ಬರೆದೆ. "ಸೋಗೆಸೊಪ್ಪು ಒಂದು ಹಿಡಿ. ನಾಲ್ಕು ಲೋಟ ನೀರಿಗೆ ಹಾಕಿ ಒಂದು ಲೋಟ ಆಗುವವರೆಗೆ ಕುದಿಸಿ. ಆರಿದ ಮೇಲೆ, ದಿನಕ್ಕೆ ಎರಡು ಹೊತ್ತು." ಅಜ್ಜಿಗೆ ಕೊಡಿ ಎಂದಷ್ಟೇ ಹೇಳಿದೆ, ತಾತ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಮರುದಿನ ಎಂದಿನಂತೆ ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಯಾವತ್ತೂ ತಾತನೇ ಎತ್ತುತ್ತಿದ್ದರು. ಅವತ್ತು ಅಜ್ಜಿ ಎತ್ತಿದರು.

"ಅಜ್ಜಿ, ಚೀಟಿ ಸಿಕ್ತಾ? ಅದರಲ್ಲಿದ್ದ ಹಾಗೆ ಮಾಡಿದ್ರಾ?"

"ಊಂ ಕಣವ್ವ. ಒಗೆಸೊಪ್ಪು ತಾನೆ? ಮನೇಲೇ ಇತ್ತು. ಬೇಯ್ಸಿ ನೆನ್ನೆ ಸಂಜೆ ಒಂದ್ಸಲ ಉಯ್ದೆ, ಇವತ್ತು ಬೆಳಿಗ್ಗೆ ಒಂದ್ಸಲ ಉಯ್ದೆ."

ಆ ಕಡೆಯಿಂದ ಯಾವುದೋ ಮಿಕ್ಸರ್ ಲಾರಿಯ ಸದ್ದು. ಸೋಗೆ ಎಂದರೋ, ಒಗೆ ಎಂದರೋ? "ಯಾವ ಸೊಪ್ಪು ಅಜ್ಜಿ, ಇನ್ನೊಂದ್ಸಲ ಹೇಳಿ" ಎಂದೆ.

"ಒಗೆಸೊಪ್ಪು ಕಣೆ, ನಾನು ಎಲೆಅಡಿಕೆಗೆ ಆಕ್ಕಳಾದು. ನೀನೇ ಬರ್ದಿದ್ದಲ್ಲ!"

"ತಾತನಿಗೆ ಫೋನ್ ಕೊಡಿ" ಎಂದೆ.

"ಮಲ್ಗವ್ರೆ. ಇನ್ನೂ ಎದ್ದಿಲ್ಲ."

"ಎಬ್ಬಿಸಿ ಅಜ್ಜಿ, ಈಗಲೇ ಎಬ್ಬಿಸಿ!" ಎಂದು ಕಿರುಚಿದೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಅವರ ಫೋನಿನ ಬ್ಯಾಟರಿ ಯಾವಾಗಲೂ ಅಷ್ಟೇ.

ಹೊಗೆಸೊಪ್ಪಿನ ಕಷಾಯ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೇರಿದ ವಾರವೇ ಮೇಡಂ ಹೇಳಿದ್ದರು. ಬೀಡಿಯಲ್ಲಿ ಸುಟ್ಟು ಸ್ವಲ್ಪ ಸ್ವಲ್ಪ ಒಳಗೆ ಹೋಗುವ ವಿಷ ಕುದಿಸಿದಾಗ ಒಟ್ಟಿಗೆ ನೀರಿಗೆ ಇಳಿಯುತ್ತದೆ. ವಾಂತಿ, ಬೆವರು, ಕೈಕಾಲು ನಡುಕ, ಆಮೇಲೆ ಎದೆಬಡಿತವೇ ತಪ್ಪುತ್ತದೆ. ಒಂದು ಹಿಡಿ ಸೊಪ್ಪು, ಒಂದು ಲೋಟಕ್ಕೆ ಇಳಿಸಿದ್ದು. ಎರಡು ಹೊತ್ತು. ಅಳತೆ ಬರೆದುಕೊಟ್ಟವಳು ನಾನು. ಮೇಜಿನ ಮೇಲಿದ್ದ ನನ್ನದೇ ನೋಟ್‌ಬುಕ್ ತೆರೆದು ನೋಡಿದೆ. ಅವಸರದಲ್ಲಿ ಬರೆದ ನನ್ನ ಸ ಎಲ್ಲಾ ಕಡೆ ಹ ಥರವೇ ಕಾಣುತ್ತಿತ್ತು. ದೀರ್ಘ ಹಾಕಿದ್ದೆನೋ ಇಲ್ಲವೋ ದೇವರಿಗೇ ಗೊತ್ತು. ಹುಡುಗರಿಗೆ ಒಂದು ಅಕ್ಷರದ ಬಗ್ಗೆ ಪಾಠ ಮಾಡಿದ ಮಹಾತಾಯಿ!

ಯಾರಿಗೂ ಹೇಳದೆ ಸ್ಕೂಟರ್ ತೆಗೆದುಕೊಂಡು ಹೊರಟೆ. ನೂರೆಂಟಕ್ಕೆ ಫೋನ್ ಮಾಡಬೇಕೆಂಬ ಬುದ್ಧಿಯೂ ಬರಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಮುಂದೆ ಒಂದು ನೀರಿನ ಟ್ಯಾಂಕರ್, ರಸ್ತೆಗೆಲ್ಲ ನೀರು ಚೆಲ್ಲುತ್ತಾ ಆಮೆ ಹಾಗೆ ಹೋಗುತ್ತಿತ್ತು. ಅದರ ಹಿಂದೆ ಹಾರ್ನ್ ಒತ್ತುತ್ತಾ, ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ತಾತ ಬದುಕಿದ್ದರೆ ಸಾಕು, ಕೆಲಸ ಹೋಗಲಿ, ಪೊಲೀಸರು ಬರಲಿ. ಹಾಗೆಂದುಕೊಂಡ ಮರುಕ್ಷಣವೇ ಪೊಲೀಸರು ನಿಜವಾಗಿ ಬಂದರೆ ಏನು ಹೇಳುವುದು, ಆ ಚೀಟಿಯಲ್ಲಿ ನನ್ನ ಹೆಸರಿಲ್ಲವಲ್ಲ ಎಂದೂ ಹೊಳೆಯಿತು. ಅಂಥ ಹೊತ್ತಿನಲ್ಲೂ ಮನಸ್ಸು ಎಂಥ ಕಳ್ಳಾಟ ಆಡುತ್ತದೆ. ಸ್ಕೂಟರಿನ ಮೇಲೇ ನನಗೆ ಹೇಸಿಗೆಯಾಯಿತು.

ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಬಾ ಕಣವ್ವ, ಇದೇನಿಂಗೆ ಓಡ್ಬಂದೆ?" ಎಂದರು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದೆ. ತಾತ ಮಂಚದ ಮೇಲೆ ಗೋಡೆ ಕಡೆ ತಿರುಗಿ, ತಲೆತುಂಬ ಕಂಬಳಿ ಹೊದ್ದು ಮಲಗಿದ್ದರು. ಕಂಬಳಿ ಅಲುಗಾಡುತ್ತಿರಲಿಲ್ಲ.

"ತಾತ" ಎಂದೆ. ಉತ್ತರವಿಲ್ಲ. "ತಾತಾ!" ಇಲ್ಲ. ಹತ್ತಿರ ಹೋಗಲು ಧೈರ್ಯ ಸಾಲದೆ, ಹೊರಗೆ ಚಾಚಿಕೊಂಡಿದ್ದ ಒಂದು ಕಾಲನ್ನು ಮುಟ್ಟಿದೆ. ಕಾಲು ತಣ್ಣಗಿತ್ತು. ಹಿಡಿದು ಅಲ್ಲಾಡಿಸಿದೆ.

ಕಂಬಳಿಯ ಒಳಗಿನಿಂದ ಕೆಮ್ಮು ಬಂತು. ಅವರ ಎಂದಿನ ಕೆಮ್ಮೇ. ಗೊರಗೊರ ಎಂದು ಎದೆಯ ತಳದಿಂದ ಎದ್ದು, ನಡುವೆ ಒಮ್ಮೆ ನಿಂತು, ಮತ್ತೆ ಶುರುವಾಗುವಂಥದ್ದು. ಎಷ್ಟು ತಿಂಗಳಿಂದ ಅದು ಹೋಗಲಿ ಎಂದು ನಾವು ಒದ್ದಾಡಿದ್ದೆವೋ, ಆ ಕೆಮ್ಮು ಕೇಳಿ ನನಗೆ ಹೋದ ಜೀವ ಬಂತು. ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ತಾತ ಕಂಬಳಿ ಸರಿಸಿ, ಕೆದರಿದ ತಲೆ ಎತ್ತಿ ನೋಡಿದರು.

"ಏನವ್ವ, ಕೆಮ್ಮು ನಿಲ್ಸಕ್ಕೆ ಅಂತ ಬಂದೋಳು ಕೆಮ್ಮಿದ್ರೆ ಅಳ್ತೀಯ?"

ಹಿಂದಿನ ರಾತ್ರಿ ರಾಮಮಂದಿರದಲ್ಲಿ ಬೆಳಗಿನವರೆಗೆ ಭಜನೆಯಂತೆ, ತಾಳ ಹಾಕಿ ಬಂದು ಮಲಗಿದ್ದರಂತೆ. ಅಷ್ಟೇ.

"ಕಷಾಯ ಕುಡಿದ್ರಾ ತಾತ?"

"ಯಾವ ಕಷಾಯ?"

ನಾನು ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡುತ್ತಾ, "ಇವ್ರಿಗ್ಯಾಕೆ ಕೊಡ್ಲಿ? ಗಿಡಕ್ಕೆ ಉಯ್ದೆ" ಎಂದರು.

ಆಮೇಲೆ ಒಂದೊಂದಾಗಿ ತಿಳಿಯಿತು. ತಾತ ಮನೆಗೆ ಬಂದು ಚೀಟಿ ಕೊಟ್ಟು, ಕಾಲೇಜಿನ ಹುಡುಗಿ ಕೊಟ್ಟಳು ಎಂದಷ್ಟೇ ಹೇಳಿದ್ದಾರೆ. ಅಜ್ಜಿಗೆ ಓದು ಬಾರದು, ಕನ್ನಡಕವಿಲ್ಲದ ತಾತನಿಗೆ ಅಕ್ಷರ ಕಾಣದು. ಮಹಡಿಯ ಮೇಲಿನ ಬಾಡಿಗೆಯಾಕೆಯನ್ನು ಕರೆದು ಓದಿಸಿದ್ದಾರೆ. ಅವಳು ಹಾವೇರಿಯವಳು, ಸೋಗೆಸೊಪ್ಪು ಎಂಬ ಹೆಸರನ್ನೇ ಕೇಳಿದವಳಲ್ಲ. ಹಕಾರದಂಥ ನನ್ನ ಸಕಾರ ನೋಡಿ "ಹೊಗೆಸೊಪ್ಪು ಅಂತ ಐತ್ರೀ" ಎಂದು ಓದಿದ್ದಾಳೆ. ಕುದಿಸಿ, ಆರಿಸಿ, ಎರಡು ಹೊತ್ತು. ಅಜ್ಜಿಗೆ ಎಲ್ಲಾ ಸರಿಯಾಗಿ ಕೂಡಿಬಂದಿದೆ. ಕಾಲೇಜಿನ ಹುಡುಗಿ ಮಾತಿಗೆ ತಪ್ಪಲಿಲ್ಲ, ಕನಕಾಂಬರದ ಹೇನಿಗೆ ಔಷಧಿ ಬರೆದು ಕಳಿಸಿದಳು!

"ನೀನು ಕುಡೀರಿ ಅಂತ ಬರ್ದಿದ್ಯಾ?" ಎಂದು ಅಜ್ಜಿ ಚೀಟಿ ತಂದು ಮುಖಕ್ಕೆ ಹಿಡಿದರು.

ಬರೆದಿರಲಿಲ್ಲ. ಕಷಾಯವನ್ನು ಕುಡಿಯದೆ ಇನ್ನೇನು ಮಾಡುತ್ತಾರೆ ಎಂದು ನನ್ನ ಎಣಿಕೆ. ಕ್ರಿಯಾಪದವಿಲ್ಲದ ವಾಕ್ಯ! ನನ್ನ ವಿದ್ಯಾರ್ಥಿ ಯಾರಾದರೂ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಅಂಕ ಕಳೆಯುತ್ತಿದ್ದೆ. ಆ ಪದ ಅಲ್ಲಿ ಇಲ್ಲದ್ದರಿಂದ ತಾತ ಮಂಚದ ಮೇಲೆ ಕೂತು ಟವಲ್ ಹುಡುಕುತ್ತಿದ್ದರು.

"ಬರ್ದಿದ್ರೆ ಕುಡಿಸ್ತಿದ್ರಾ ಅಜ್ಜಿ?" ಎಂದು ಹೆದರುತ್ತಲೇ ಕೇಳಿದೆ.

ಅಜ್ಜಿ ಚೀಟಿಯನ್ನು ತಿರುಗಿಸಿ ನೋಡಿದರು. "ಇಂದೆಲ್ಲಾ ದನದ ಮೈಗೆ ಉಣ್ಣೆ ಉಳ ಬಿದ್ರೆ ಇದ್ರ ನೀರಲ್ಲೇ ಒರೆಸ್ತಿದ್ವಿ. ಒಂದ್ ಕರ ನೆಕ್ಕಂಡು ಬಿದ್ದೇ ಓಗಿತ್ತು. ನಂಗೆ ಗೊತ್ತಿಲ್ವಾ?" ಎಂದವರು ಕೊಂಚ ತಡೆದು ಸೇರಿಸಿದರು, "ಆದ್ರೂ ಓದಿದೋರು ಬರ್ದವ್ರೆ ಅಂದ್ರೆ... ಯಾರಿಗ್ ಗೊತ್ತವ್ವ."

ಅಜ್ಜಿ ಕಾಫಿ ಮಾಡಿಕೊಟ್ಟರು. ಬೆಲ್ಲ ಹೆಚ್ಚಾಗಿದ್ದ ಆ ಕಾಫಿಯಷ್ಟು ರುಚಿಯಾದದ್ದನ್ನು ನಾನು ಆ ವರ್ಷ ಕುಡಿದಿಲ್ಲ. ಕುಡಿದು, ಪಾತ್ರೆಯಲ್ಲಿ ಉಳಿದಿದ್ದ ಕಷಾಯ ಚೆಲ್ಲಿಸಿ, ಪಾತ್ರೆಯನ್ನು ಅಡುಗೆಮನೆಯಿಂದ ಆಚೆ ಇಡಿಸಿ, ಅಜ್ಜಿಗೆ ಕೈ ತೊಳೆಸಿ, ಚೀಟಿ ಇಸಿದುಕೊಂಡು ಹೊರಟೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ನೋಡಿದ, ಅವನಿಗೂ ಒಂದು ನಗೆ ಕೊಟ್ಟೆ.

ಚೀಟಿಯನ್ನು ಹರಿದು ಹಾಕಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಟ್ಯಾಂಕರಿನ ಹಿಂದೆ ಮಾಡಿದ ಯೋಚನೆ ನನ್ನನ್ನು ಚುಚ್ಚುತ್ತಿತ್ತು. ಮೇಡಂ ಎದುರು ಚೀಟಿ ಇಟ್ಟು, ಮೊದಲಿನಿಂದ ಎಲ್ಲಾ ಹೇಳಿದೆ. ಅವರ ಮುಖ ಬಿಳಿಚಿತು. "ತಾತ ಚೆನ್ನಾಗಿದೆ ಅಲ್ವಾ?" ಎಂದು ಮೂರು ಸಲ ಕೇಳಿದರು. ನನಗೆ ತಿದ್ದುವ ಮನಸ್ಸಾಗಲಿಲ್ಲ. ಚೆನ್ನಾಗಿದೆ ಮೇಡಂ ಎಂದೆ.

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಡೆದದ್ದನ್ನೆಲ್ಲ ಬರೆದು ಕೊಡಬೇಕಾಯಿತು, ಸಮಿತಿಯವರ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು, ಎಚ್ಚರಿಕೆಯ ಪತ್ರವೊಂದು ಬಂತು. ಇನ್ನು ಮೇಲೆ ಯಾರಿಗೂ ಕೈಬರಹದಲ್ಲಿ ಏನೂ ಕೊಡಕೂಡದು ಎಂಬ ನಿಯಮ ಬಂತು, ಅದನ್ನು ಬರೆದವಳೂ ನಾನೇ. ಕೆಲಸ ಉಳಿಯಿತು. ತಾತ ಮಾತ್ರ ಉಳಿಯಲಿಲ್ಲ. ಅವರಿಗೆ ಹೊರಗಿನ ಔಷಧಿ ಹೇಳಿದ್ದರಿಂದ ಅವರನ್ನು ಅಧ್ಯಯನದಿಂದ ಕೈಬಿಡಲೇಬೇಕು, ಅಷ್ಟು ತಿಂಗಳ ಅವರ ಲೆಕ್ಕವನ್ನು ಪಕ್ಕಕ್ಕಿಡಬೇಕು ಎಂದರು ಮೇಡಂ. ಕೆಮ್ಮಿಗೆ ಅವರನ್ನು ಎದೆಯ ಡಾಕ್ಟರರ ಬಳಿ ಕಳಿಸುವ ಏರ್ಪಾಡನ್ನು ಮೇಡಂ ತಾವೇ ಮಾಡಿದರು. ಉಳಿದದ್ದನ್ನು ತಿಳಿಸುವುದು ನನ್ನ ಪಾಲಿಗೆ ಬಂತು.

ಮತ್ತೆ ಶೆಟ್ಟಿಹಳ್ಳಿಗೆ ಹೋಗಿ ಹೇಳಿದೆ. ಕ್ಷಮೆ ಕೇಳಿದೆ. ಮಾತ್ರೆ ಇಲ್ಲದ್ದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ತಾತ ಗಡ್ಡ ಕೆರೆದುಕೊಂಡರು.

"ಮಾತ್ರೆ ಓಗ್ಲಿ ಬುಡು. ಅಂಗಾದ್ರೆ ಇನ್ಮೇಲೆ ಫೋನು ಮಾಡಲ್ವಾ?"

"ಕಾಲೇಜಿನ ಕಡೆಯಿಂದ ಇಲ್ಲ ತಾತ."

"ಆ ಮಾತ್ರೆ ನಾನು ಚೀಪ್ತಿದ್ದುದ್ದೂ ಅಷ್ಟಕ್ಕಷ್ಟೇ ಕಣವ್ವ, ಕಹಿ. ಬೆಳಿಗ್ಗೆ ನೀನು ಕೇಳ್ತೀಯಲ್ಲ, ಎಷ್ಟು ಅಂತ ಹೇಳ್ಬೇಕಲ್ಲ ಅಂತ ಕಮ್ಮಿ ಮಾಡ್ತಿದ್ದೆ."

ನಮ್ಮ ಆಡುಸೋಗೆ, ಜ್ಯೇಷ್ಠಮಧು, ಹಿಪ್ಪಲಿ ಎಲ್ಲವೂ ಒಂದು ಕ್ಷಣ ಮೇಲೆ ಕೆಳಗೆ ಆದವು. ಈ ಮಾತನ್ನು ಬರೆದುಕೊಳ್ಳಲು ಫಾರಂನಲ್ಲಿ ಜಾಗವೂ ಇರಲಿಲ್ಲ, ಈಗ ಅವರು ನಮ್ಮ ಪಟ್ಟಿಯಲ್ಲೂ ಇರಲಿಲ್ಲ. "ನಾನೇ ಮಾಡ್ತೀನಿ ತಾತ, ನನ್ನ ಫೋನಿಂದ" ಎಂದೆ.

ಮರುದಿನ ಹನ್ನೊಂದಕ್ಕೆ ಫೋನ್ ಮಾಡಿ, ನಿನ್ನೆ ಎಷ್ಟು ಎಂದು ಕೇಳಿದೆ.

"ಆರು" ಎಂದರು ತಾತ. ನನಗೆ ಸಂತೋಷವಾಯಿತು, ಹಾಗೆಂದು ಹೇಳಿದೆ. ಇಡುತ್ತೇನೆ ಎನ್ನುವಷ್ಟರಲ್ಲಿ ಅತ್ತ ಏನೋ ಗುಸುಗುಸು ಕೇಳಿತು, ಫೋನ್ ಕೈ ಬದಲಾಯಿತು.

"ಇವ್ರದ್ದು ಬೇಸಿಗೆಯಿಂದ ಬರ್ಕಂತಾ ಇದ್ದೀಯ" ಎಂದರು ಅಜ್ಜಿ. "ನಾನು ಒಗೆಸೊಪ್ಪು ಆಕ್ಕಳಾದು ಮೂವತ್ತು ವರ್ಷ ಆಯ್ತು. ನಂದು ಒಂದಿನಾನೂ ಕೇಳ್ಲಿಲ್ವಲ್ಲೇ."

ನಾವು ಸೇದುವವರನ್ನು ಮಾತ್ರ ಹುಡುಕಿದ್ದೆವು. ಅಜ್ಜಿಯ ಬಾಯಿತುಂಬ ಎಲೆಅಡಿಕೆ ಇದ್ದಾಗಲೇ ನಾನು ಎದುರು ಕೂತು ತಾತನ ಫಾರಂ ತುಂಬಿಸಿದ್ದೆ. ಖಾಲಿ ಹಾಳೆಯೊಂದನ್ನು ಎಳೆದುಕೊಂಡೆ.

"ಹೇಳಿ ಅಜ್ಜಿ" ಎಂದೆ, "ನಿನ್ನೆ ಎಷ್ಟು ಸಲ?"